ಅಂಗಾಲಿಗೆ ಕೆಲಸವಿಲ್ಲದ ಜಾಗ

ಕೇಳುಗರಿಗೆಲ್ಲ ನಮಸ್ಕಾರ. ನಾನು ಚರ್ಮದ ಡಾಕ್ಟರು. ಬಾಹ್ಯಾಕಾಶ ಅಂದ ಕೂಡಲೇ ಎಲ್ಲರೂ ವಿಕಿರಣದ ಬಗ್ಗೆಯೇ ಕೇಳುತ್ತಾರೆ. ಅದು ಇರಲಿ. ನಾನು ಹೇಳುವುದು ಒಂದೇ ಮಾತು: ಚರ್ಮಕ್ಕೆ ಕೆಲಸ ಬೇಕು. ಅದರ ಮೇಲೆ ಭಾರ ಬೀಳಬೇಕು, ಉಜ್ಜಾಟ ಆಗಬೇಕು.

ಈಗ ನಿಮ್ಮ ಹಿಮ್ಮಡಿ ಒಮ್ಮೆ ಮುಟ್ಟಿ ನೋಡಿ. ನಾಚಿಕೆ ಬೇಡ, ರೇಡಿಯೋದಲ್ಲಿ ಯಾರಿಗೂ ಕಾಣುವುದಿಲ್ಲ. ಗಟ್ಟಿ ಇದೆ ಅಲ್ವಾ? ದಿನಾ ನಿಮ್ಮ ಭಾರ ಹೊತ್ತು ಅದು ಜಡ್ಡುಗಟ್ಟಿದೆ.

ಅಮೆರಿಕದ ಗಗನಯಾತ್ರಿ ಸ್ಕಾಟ್ ಕೆಲ್ಲಿ 2015ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು. 340 ದಿನ ಇದ್ದರು. ಅಲ್ಲಿ ನಡಿಗೆಯೇ ಇಲ್ಲ, ಬರೀ ತೇಲಾಟ. ಅಂಗಾಲಿನ ಜಡ್ಡು ಸುಲಿದು ಉದುರಿಹೋಯಿತು. ಒಳಗಿಂದ ಬಂದದ್ದು ಹಸುಗೂಸಿನ ಪಾದದಂಥ ಮೆತ್ತನೆ ಚರ್ಮ! ಅಲ್ಲಿ ಕಾಲ್ಚೀಲ ಬಿಚ್ಚಿದರೆ ಆ ಹೊಟ್ಟು ನೆಲಕ್ಕೆ ಬೀಳುವುದಿಲ್ಲ. ಗಾಳಿಯಲ್ಲಿ ತೇಲಿಕೊಂಡು, ಕೊನೆಗೆ ಗಾಳಿ ಎಳೆಯುವ ಜಾಲರಿಗೆ ಹೋಗಿ ಅಂಟುತ್ತದೆ.

ತಮಾಷೆ ಇರುವುದು ಪಾದದ ಮೇಲ್ಭಾಗದಲ್ಲಿ. ಒಂದೆಡೆ ನಿಲ್ಲಬೇಕಾದರೆ ಅವರು ಪಾದವನ್ನು ಕಂಬಿಯ ಅಡಿಗೆ ಸಿಕ್ಕಿಸಿಕೊಳ್ಳುತ್ತಾರೆ. ಉಜ್ಜಾಟವೆಲ್ಲ ಮೇಲ್ಭಾಗಕ್ಕೆ. ಹಾಗಾಗಿ ಅಲ್ಲಿ ಚರ್ಮ ಮೊಸಳೆಯದರಂತೆ ಒರಟಾಯಿತು. ಕೆಳಗೆ ಕೂಸು, ಮೇಲೆ ಮೊಸಳೆ! ಕೆಲಸ ಎಲ್ಲಿಗೆ ಹೋಯಿತೋ ಜಡ್ಡೂ ಅಲ್ಲಿಗೇ ಹೋಯಿತು. ನನಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

2016ರ ಮಾರ್ಚ್‌ನಲ್ಲಿ ಅವರು ಭೂಮಿಗೆ ಮರಳಿದರು. ಕೂತರೆ ಉರಿ, ಮಲಗಿದರೆ ಉರಿ. ಮೈ ಎಲ್ಲಿ ಒತ್ತಿತೋ ಅಲ್ಲೆಲ್ಲ ಕೆಂಪು ದದ್ದು. ಯಾವ ವಿಷವೂ ತಾಗಿರಲಿಲ್ಲ. ಹಾಸಿಗೆ ತಾಗಿತ್ತು, ಕುರ್ಚಿ ತಾಗಿತ್ತು, ಅಷ್ಟೇ. ಸುಮಾರು ಒಂದು ವರ್ಷ ಒತ್ತಡವನ್ನೇ ಕಾಣದ ಚರ್ಮಕ್ಕೆ ಅದೂ ಜಾಸ್ತಿಯಾಯಿತು.

ನೋಡಿ, ಪಾದದಲ್ಲೇ ಅರ್ಧ ಹೊತ್ತು ಕಳೆದೆ. ಸ್ನಾನದ ವಿಷಯ ಬೇಗ ಹೇಳುತ್ತೇನೆ. ನಿಲ್ದಾಣದಲ್ಲಿ ಸ್ನಾನದ ಮನೆ ಇಲ್ಲ. ಒದ್ದೆ ಟವೆಲ್‌ನಿಂದ ಮೈ ಒರೆಸಿಕೊಳ್ಳಬೇಕು, ತಲೆಗೆ ತೊಳೆಯದೆ ಒರೆಸುವ ಶಾಂಪೂ. ಬೆವರು ಕೆಳಗೆ ಹರಿಯದೆ ಮೈಗೇ ಅಂಟಿಕೊಳ್ಳುತ್ತದೆ. ದದ್ದು, ತುರಿಕೆ ಅಲ್ಲಿ ಮಾಮೂಲಿ ದೂರು.

ನೌಕೆಯ ಹೊರಗೆ ಹೋಗಿ ದುಡಿಯುವವರ ಬೆರಳಿನ ಕತೆ ಮಾತ್ರ ತಿರುವುಮುರುವು. ಗಾಳಿ ತುಂಬಿ ಬಿಗಿದ ಕೈಗವಸಿನೊಳಗೆ ಗಂಟೆಗಟ್ಟಲೆ ಬೆರಳು ಮಡಚಬೇಕು. ಕೆಲವರಿಗೆ ಉಗುರೇ ಕಿತ್ತು ಬಂದದ್ದಿದೆ. ಪಾದ ಸುಮ್ನೆ ತೇಲುತ್ತಿರುವಾಗ ಅದರ ಪಾಲಿನ ದುಡಿಮೆಯೂ ಬೆರಳಿನ ತಲೆಗೇ ಬಿದ್ದಿರುತ್ತದೆ.

ನಮಸ್ಕಾರ.