ಆರು ರುಚಿ, ಎಷ್ಟು ಬೆರಕೆ?

ನಮಸ್ಕಾರ. ಪಿಯುಸಿ ಓದ್ತಿರೋ ವೀಕ್ಷಕರು ಪದೇಪದೇ ಕೇಳೋ ಪ್ರಶ್ನೆ ಇದು: "ಸರ್, ಎಷ್ಟು ಬಗೆ ಅಂತ ಎಣಿಸೋವಾಗ ಯಾವಾಗ ಗುಣಿಸಬೇಕು, ಯಾವಾಗ ಕೂಡಬೇಕು?"

ಬೇಗ ಹೇಳಿಬಿಡ್ತೀನಿ. ಹೋಟೆಲಲ್ಲಿ ಐದು ತಿಂಡಿ ಇವೆ, ಕಾಫಿ, ಟೀ, ಹಾಲು ಇವೆ. ತಿಂಡಿ ಜೊತೆಗೆ ಕುಡಿಯೋಕೂ ಒಂದು ಬೇಕಾ? 5 × 3 = 15 ಬಗೆ. ತಿಂಡಿ ಇಲ್ಲವೇ ಕುಡಿಯೋದು, ಯಾವುದಾದ್ರೂ ಒಂದೇ ಸಾಕಾ? 5 + 3 = 8. 'ಜೊತೆಗೆ' ಅಂದ್ರೆ ಗುಣಿಸಿ, 'ಇಲ್ಲವೇ' ಅಂದ್ರೆ ಕೂಡಿ.

ಈಗ ನನಗೆ ತುಂಬಾ ಇಷ್ಟವಾದ ಲೆಕ್ಕ. 9ನೇ ಶತಮಾನ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ. ಜೈನ ಗಣಿತಜ್ಞ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಕೇಳ್ತಾರೆ: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು, ಈ ಆರು ರಸಗಳಿಂದ ಎಷ್ಟು ಬಗೆ ಆಗತ್ತೆ?

[ಪರದೆ ಮೇಲೆ ಆರು ಬಟ್ಟಲು]

ಒಂದೊಂದೇ ರಸ ಆದ್ರೆ 6. ಎರಡೆರಡು? ಮೊದಲನೆಯದಕ್ಕೆ 6 ಆಯ್ಕೆ, ಮುಂದಿನದಕ್ಕೆ 5, ಒಟ್ಟು 30. ತಾಳಿ! ಹುಳಿಗೆ ಖಾರ ಹಾಕಿದ್ರೂ ಖಾರಕ್ಕೆ ಹುಳಿ ಹಾಕಿದ್ರೂ ರುಚಿ ಅದೇ. ಪ್ರತಿ ಜೋಡಿಯನ್ನೂ ಎರಡು ಸಲ ಎಣಿಸಿದ್ದೀವಿ, ಹಾಗಾಗಿ 15. ಮೂರು ರಸಕ್ಕೆ 6 × 5 × 4 = 120. ಅದೇ ಮೂರನ್ನು 3 × 2 × 1 = 6 ಕ್ರಮದಲ್ಲಿ ಹಾಕಬಹುದು, ಭಾಗಿಸಿದ್ರೆ 20. ಮೇಲೆ 6, 5, 4, ಕೆಳಗೆ 1, 2, 3: ಈ ಸೂತ್ರವನ್ನ ಮಹಾವೀರಾಚಾರ್ಯರೇ ಬರೆದಿಟ್ಟಿದ್ದಾರೆ. ನಾಲ್ಕು ಆರಿಸೋದು ಅಂದ್ರೆ ಎರಡು ಬಿಡೋದು, ಮತ್ತೆ 15. ಐದಕ್ಕೆ 6, ಆರಕ್ಕೆ 1. ಎಲ್ಲಾ ಸೇರಿ 63. ಆಯುರ್ವೇದದಲ್ಲೂ ರಸಭೇದ 63 ಅಂತಾನೇ ಎಣಿಕೆ.

ಇಷ್ಟೆಲ್ಲ ಆದ್ಮೇಲೆ ಇದನ್ನ ನೋಡಿ. ಬಟ್ಟಲುಗಳನ್ನ ಸಾಲಾಗಿಡಿ. ಒಂದೊಂದರ ಮುಂದೆ ನಿಂತು ಕೇಳಿಕೊಳ್ಳಿ: ಹಾಕೋದಾ, ಬೇಡವಾ? ಪ್ರತಿ ಸಲ ಎರಡೇ ಉತ್ತರ. 2 × 2 × 2 × 2 × 2 × 2 = 64. ಆರಕ್ಕೂ 'ಬೇಡ' ಅಂದ ಒಂದು ಖಾಲಿ ತಟ್ಟೆ ತೆಗೀರಿ. 63! ಅರ್ಧ ಪುಟದ ಲೆಕ್ಕ ಒಂದೇ ಸಾಲಲ್ಲಿ ಮುಗೀತು. ಎಷ್ಟು ಸಲ ಮಾಡಿದ್ರೂ ನನಗೆ ಖುಷಿ ಕೊಡೋ ಲೆಕ್ಕ ಇದು.

ಸಮಯ ಆಗ್ತಾ ಬಂತು, ಉಳಿದಿದ್ದು ಬೇಗ ಬೇಗ. ನಾಲ್ಕಂಕಿ ಪಿನ್: 10,000. ಅಂಕಿ ಮರುಕಳಿಸಬಾರದು ಅಂದ್ರೆ 10 × 9 × 8 × 7 = 5,040. ಅದೇ ನಾಲ್ಕಂಕಿ 'ಸಂಖ್ಯೆ' ಅಂದ್ರೆ ಮೊದಲಿಗೆ ಸೊನ್ನೆ ಬರೋ ಹಾಗಿಲ್ಲ, ಎರಡನೇ ಜಾಗಕ್ಕೆ ಬರಬಹುದು: 9 × 9 × 8 × 7 = 4,536. ಕಟ್ಟುಪಾಡು ಇರೋ ಜಾಗವನ್ನೇ ಮೊದಲು ತುಂಬಿಸಿ.

ಇವುಗಳಲ್ಲಿ ಸಮಸಂಖ್ಯೆ ಎಷ್ಟು? ಕೊನೆಗೆ ಸೊನ್ನೆ ಇದ್ರೆ 9 × 8 × 7 = 504. ಕೊನೆಗೆ 2, 4, 6, 8ರಲ್ಲಿ ಒಂದು ಇದ್ರೆ, ಮೊದಲ ಜಾಗಕ್ಕೆ ಅದನ್ನೂ ಸೊನ್ನೆಯನ್ನೂ ಬಿಟ್ಟು 8 ಆಯ್ಕೆ: 4 × 8 × 8 × 7 = 1,792. ಸೊನ್ನೆ ಇಲ್ಲವೇ ಉಳಿದ ನಾಲ್ಕು. 'ಇಲ್ಲವೇ' ಬಂತಲ್ಲ, ಕೂಡಿ: 2,296.