ಚಿನ್ನ ಹೊರಟಾಗ ತೈಲ ಅಗ್ಗವಾಗಿತ್ತು

ಪೆಟ್ರೋಲ್ ಬಂಕಿನ ಬೋರ್ಡ್ ನೋಡಿ ತೈಲ ಬಿಕ್ಕಟ್ಟನ್ನು ಅಳೆಯಬೇಡಿ. ಇದನ್ನು ಹೇಳಲಿಕ್ಕೇ ನಾನು ಇವತ್ತು ಬಂದದ್ದು. 1990–91ರ ಕಥೆ ನಿಮಗೆ ಗೊತ್ತು: ಸದ್ದಾಂ ಹುಸೇನ್, ಕುವೈತ್, ಚಿನ್ನದ ಅಡವು, ಮನಮೋಹನ್ ಸಿಂಗ್. ಅದನ್ನು ಮತ್ತೆ ಒಪ್ಪಿಸುವುದಿಲ್ಲ. ತಾರೀಖುಗಳನ್ನಷ್ಟೇ ಪಕ್ಕಪಕ್ಕ ಇಟ್ಟು ನೋಡೋಣ.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಜುಲೈಯಲ್ಲಿ ಬ್ಯಾರೆಲ್‌ಗೆ 17 ಡಾಲರ್ ಆಸುಪಾಸಿನಲ್ಲಿದ್ದ ಕಚ್ಚಾತೈಲ ಅಕ್ಟೋಬರಿನಲ್ಲಿ 40 ಮುಟ್ಟಿತು. ಆದರೆ 1991ರ ಜನವರಿ 17, ಬಾಗ್ದಾದಿನ ಮೇಲೆ ಬಾಂಬು ಬೀಳತೊಡಗಿದ ದಿನವೇ ಬೆಲೆ ಸುಮಾರು ಮೂರನೇ ಒಂದು ಪಾಲು ಕುಸಿಯಿತು. ಡಾಲರ್ ಹೊಂದಿಸಲು ಅಡವಿಟ್ಟ ನಮ್ಮ ಚಿನ್ನ ದೇಶ ಬಿಟ್ಟದ್ದು ಯಾವಾಗ? 20 ಟನ್ ಮೇ ತಿಂಗಳಲ್ಲಿ, ಇನ್ನೂ ಸುಮಾರು 47 ಟನ್ ಜುಲೈಯಲ್ಲಿ. ತೈಲ ಅಗ್ಗವಾಗಿ ನಾಲ್ಕಾರು ತಿಂಗಳಾದ ಮೇಲೆ! ದಯವಿಟ್ಟು ಇದನ್ನು ಬರೆದುಕೊಳ್ಳಿ.

ನಮ್ಮ ಚಿಕ್ಕಪ್ಪ ಕುವೈತಿನ ಸಾಲ್ಮಿಯಾದಲ್ಲಿ ಬಟ್ಟೆ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದರು. ತಿಂಗಳು ತಿಂಗಳು ಮನೆಗೆ ಹಣದ ಬ್ಯಾಂಕ್ ಡ್ರಾಫ್ಟ್ ಬರುತ್ತಿತ್ತು. ಆಗಸ್ಟಿನಲ್ಲಿ ಬರಲಿಲ್ಲ. ಸೆಪ್ಟೆಂಬರ್ ಕೊನೆಗೆ ಚಿಕ್ಕಪ್ಪನೇ ಬಂದರು. ಇರಾಕ್ ದಾಟಿ, ಜೋರ್ಡಾನ್ ಗಡಿಯ ಮರಳಿನಲ್ಲಿ ಡೇರೆಯೊಳಗೆ ಹನ್ನೊಂದು ದಿನ ಕಳೆದು, ಅಮ್ಮಾನಿನಿಂದ ಏರ್ ಇಂಡಿಯಾದಲ್ಲಿ ಬೊಂಬಾಯಿಗೆ, ಅಲ್ಲಿಂದ ಬಸ್ಸಿನಲ್ಲಿ ಉಡುಪಿಗೆ. ಹಾಗೆ ಆ ವಿಮಾನಗಳು ಕರೆತಂದದ್ದು ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು. ಚಿಕ್ಕಪ್ಪನ ಕೈಯಲ್ಲಿದ್ದದ್ದು ನೀಲಿ ಬಣ್ಣದ ಒಂದು ಕ್ಯಾನು, ಹಿಡಿ ಮುರಿದು ಹಗ್ಗ ಕಟ್ಟಿದ್ದು. ಕ್ಯಾಂಪಿಗೆ ನೀರಿನ ಟ್ಯಾಂಕರ್ ಬಂದರೆ ಕ್ಯಾನಿದ್ದವರಿಗೆ ಮಾತ್ರ ನೀರು. ಊರಿಗೆ ಬಂದು ಎಷ್ಟೋ ದಿನ ಅದನ್ನು ತುಂಬಿಸಿ ತಲೆದೆಸೆಯಲ್ಲಿಟ್ಟೇ ಮಲಗುತ್ತಿದ್ದರು. ಅಂಗಳದಲ್ಲೇ ಬಾವಿಯಿದ್ದ ಮನೆ ನಮ್ಮದು.

ಒಂದು ಬೆಳಿಗ್ಗೆ ಅಮ್ಮ, "ಆ ಕ್ಯಾನು ಕೊಡು ಮಾರಾಯ, ಸೊಸೈಟಿಗೆ ಚಿಮಿಣಿ ಎಣ್ಣೆ ಬಂದಿದೆಯಂತೆ" ಅಂದರು. "ನಾನೇ ಹೋಗ್ತೇನೆ ಅತ್ತಿಗೆ" ಅಂತ ಚಿಕ್ಕಪ್ಪ ಹೋಗಿ ಮಧ್ಯಾಹ್ನದವರೆಗೆ ನಿಂತರು. ಅದೇ ಕ್ಯಾನು, ಇನ್ನೊಂದು ಕ್ಯೂ.

ಆ ಡ್ರಾಫ್ಟನ್ನೇ ಹಿಡಿದುಕೊಳ್ಳಿ. ಕುವೈತಿನಲ್ಲಿ ಭಾರತೀಯರು ಹತ್ತಿರ ಹತ್ತಿರ 1.7 ಲಕ್ಷ. ಅಷ್ಟೂ ಮನೆಗಳ ಹಣ ಒಂದೇ ತಿಂಗಳಲ್ಲಿ ನಿಂತಿತು. ತೈಲಕ್ಕೆ ಕೊಡಬೇಕಾದ ಡಾಲರ್ ಹೆಚ್ಚಿತು, ಬರಬೇಕಾದ ಡಾಲರ್ ನಿಂತಿತು. ಅಷ್ಟು ಹೊತ್ತಿಗೆ ಬೇರೆ ಕಡೆಯ ಅನಿವಾಸಿ ಭಾರತೀಯರೂ ಇಲ್ಲಿಟ್ಟಿದ್ದ ಠೇವಣಿ ಹಿಂತೆಗೆಯತೊಡಗಿದರು. ತೈಲದ ಬೆಲೆ ಇಳಿದರೂ ಹೋದ ನಂಬಿಕೆ ವಾಪಸು ಬರಲಿಲ್ಲ.

ಯಾಕೆ ಬರಲಿಲ್ಲ? ರಾಜಕೀಯ ಬರುವುದು ಇಲ್ಲಿ. ವಿ.ಪಿ. ಸಿಂಗ್ ಸರ್ಕಾರ ಬಿದ್ದದ್ದನ್ನು ತೈಲದ ತಲೆಗೆ ಕಟ್ಟಬಾರದು, ಅದು ಮಂಡಲ್ ಮೀಸಲಾತಿ ಮತ್ತು ಅಯೋಧ್ಯೆಯ ಕಥೆ. ಆಮೇಲೆ ಬಂದ ಚಂದ್ರಶೇಖರ್ ಅವರದು ಕಾಂಗ್ರೆಸ್ಸಿನ ಬಾಹ್ಯ ಬೆಂಬಲದ ಸರ್ಕಾರ. ಅಮೆರಿಕದ ಸೇನಾ ವಿಮಾನಗಳಿಗೆ ನಮ್ಮ ನೆಲದಲ್ಲಿ ಇಂಧನ ತುಂಬಿಸಲು ಬಿಟ್ಟರು ಅಂತ ಕಾಂಗ್ರೆಸ್ ತಕರಾರು ತೆಗೆಯಿತು. ಫೆಬ್ರವರಿಯಲ್ಲಿ ಪೂರ್ಣ ಬಜೆಟ್ ಮಂಡಿಸಲಾಗಲಿಲ್ಲ, ಮಾರ್ಚಿನಲ್ಲಿ ಪ್ರಧಾನಿ ರಾಜೀನಾಮೆ ಕೊಟ್ಟರು. ಬಜೆಟ್ಟೇ ಇಲ್ಲದ ದೇಶಕ್ಕೆ ಸಾಲ ಕೊಡುವವರು ಯಾರು? ಮತ್ತೆ ಹೇಳುತ್ತೇನೆ, ಆ ತಿಂಗಳುಗಳಲ್ಲಿ ತೈಲ ಅಗ್ಗವಾಗಿತ್ತು. ಜೂನಿನ ಹೊತ್ತಿಗೆ ನಮ್ಮಲ್ಲಿ ಉಳಿದ ವಿದೇಶಿ ವಿನಿಮಯ ಎರಡು ಮೂರು ವಾರದ ಆಮದಿಗೆ ಸಾಕಾಗುವಷ್ಟು.

ಸಮಯವಾಯಿತು ಅಂತ ಸಭೆಯ ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. 1973ರ ತೈಲ ಬಿಕ್ಕಟ್ಟು, ಬಾಂಬೆ ಹೈ ಎಂಬ ನಮ್ಮ ಕಡಲಿನ ತೈಲಕ್ಷೇತ್ರ, ರೂಪಾಯಿ ಅಪಮೌಲ್ಯ ಎಲ್ಲ ಬಿಡುತ್ತೇನೆ. ಒಂದೇ ಮಾತು. ಕುವೈತ್ ಬಿಟ್ಟು ಬಂದವರಿಗೆ ವಿಶ್ವಸಂಸ್ಥೆಯ ಪರಿಹಾರ ಆಯೋಗ ಇರಾಕಿನ ತೈಲದ ಆದಾಯದಿಂದಲೇ ಪರಿಹಾರ ಕೊಡಿಸಿತು, ತಲೆಗೆ 2,500 ಅಥವಾ 4,000 ಡಾಲರ್. ಅದು ಕೈಸೇರಲು ವರ್ಷಗಳು ಹಿಡಿದವು. ಚಿಕ್ಕಪ್ಪ ಕಾಯಲಿಲ್ಲ, 1992ರಲ್ಲೇ ಮತ್ತೆ ಸಾಲ್ಮಿಯಾಗೆ ಹೊರಟರು. ಹೊರಡುವ ಹಿಂದಿನ ದಿನ ಬಾವಿಕಟ್ಟೆಯಲ್ಲಿ ಕೂತು ಆ ಕ್ಯಾನಿಗೆ ಬೂದಿ ಹಾಕಿ ಮೂರು ಸಲ ತಿಕ್ಕಿದರು. ಚಿಮಿಣಿ ಎಣ್ಣೆಯ ವಾಸನೆ ಹೋಗಲಿಲ್ಲ. ಅಲ್ಲೇ ಬಿಟ್ಟು ಹೋದರು.