ಹಾರ್ಮೋನ್ ಒಗ್ಗಲಿಲ್ಲ ಎನ್ನುವ ಮುಂಚೆ

ಎಲ್ಲರಿಗೂ ನಮಸ್ಕಾರ. ನನ್ನನ್ನು ಸಾಮಾನ್ಯವಾಗಿ ಬಸಿರು, ಬಾಣಂತನದ ಬಗ್ಗೆ ಮಾತಾಡಲು ಕರೆಯುತ್ತಾರೆ. ಮುಟ್ಟು ನಿಲ್ಲುವ ಕಾಲದ ಬಗ್ಗೆ ಹೇಳಿ ಎಂದು ನೀವೇ ಕೇಳಿದ್ದು ಖುಷಿಯಾಯಿತು.

ಈ ಕಾಲದಲ್ಲಿ ಎಲ್ಲರಿಗೂ ಔಷಧಿ ಬೇಕಾಗುವುದಿಲ್ಲ. ಆದರೆ ರಾತ್ರಿಯೆಲ್ಲ ಮೈ ಬಿಸಿಯೇರಿ ಬೆವರಿ, ಎದ್ದು ನೈಟಿ ಬದಲಿಸಿ, ಬೆಳಿಗ್ಗೆ ಬಸ್ಸು ಹಿಡಿಯುವವಳಿಗೆ ‘ಎಲ್ಲರಿಗೂ ಆಗೋದೇ, ತಡ್ಕೋ’ ಅಂದರೆ ಹೇಗೆ? ಮೈಯಲ್ಲಿ ಈಗ ಕಮ್ಮಿಯಾಗುವ ಹಾರ್ಮೋನನ್ನೇ ಔಷಧಿಯಾಗಿ ಕೊಡುತ್ತೇವೆ. ಈ ಬಿಸಿ, ಬೆವರಿಗೆ ಅದರಷ್ಟು ಚೆನ್ನಾಗಿ ಕೆಲಸ ಮಾಡುವ ಔಷಧಿ ಬೇರೆ ಇಲ್ಲ.

‘ಡಾಕ್ಟ್ರೇ, ನಂಗೆ ಹಾರ್ಮೋನ್ ಒಗ್ಗಲಿಲ್ಲ’ ಎಂದು ಬರುವವರು ಬಹಳ. ಯಾವುದು, ಮಾತ್ರೆಯೋ ಜೆಲ್ಲೋ, ಎಷ್ಟು ದಿನ ತಗೊಂಡ್ರಿ ಎಂದರೆ ಉತ್ತರವಿಲ್ಲ. ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ. ಒಂದು ಬಗೆ ಒಗ್ಗದಿದ್ದರೆ ಇನ್ನೊಂದು ಒಗ್ಗಬಹುದು.

ಇಲ್ಲಿ ಎರಡು ಹಾರ್ಮೋನುಗಳಿವೆ. ಬಿಸಿ, ಬೆವರು ಇಳಿಸುವುದು ಈಸ್ಟ್ರೋಜನ್. ಆದರೆ ಅದೊಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗಿ, ಕ್ಯಾನ್ಸರಿಗೂ ತಿರುಗಬಹುದು. ಅದಕ್ಕೇ ಪ್ರೊಜೆಸ್ಟರಾನ್ ಜೊತೆಗಿರಬೇಕು. ಗರ್ಭಕೋಶ ತೆಗೆಸಿದ್ದರೆ ಸಾಮಾನ್ಯವಾಗಿ ಅದು ಬೇಡ. ನಮ್ಮಲ್ಲಿ ನಲವತ್ತು ತುಂಬುವ ಮುಂಚೆಯೇ ಗರ್ಭಕೋಶ ತೆಗೆಸಿಕೊಂಡವರು ಜಾಸ್ತಿ, ಕೆಲವರಿಗೆ ಆ ಆಪರೇಷನ್ ಬೇಕಾಗಿಯೂ ಇರಲಿಲ್ಲ ಅನ್ನುವುದು ನನ್ನ ಸಿಟ್ಟು. ಅಂಡಾಶಯವನ್ನೂ ತೆಗೆದಿದ್ದಾರಾ ಎಂದು ಡಿಸ್ಚಾರ್ಜ್ ಚೀಟಿ ನೋಡಿ. ತೆಗೆದಿದ್ದರೆ ಹಾರ್ಮೋನ್ ಒಮ್ಮೆಲೇ ನಿಂತಿರುತ್ತದೆ. ಅಂಥವರಿಗೆ, ತೊಂದರೆಯಿಲ್ಲದಿದ್ದರೆ, ಮುಟ್ಟು ತಾನಾಗಿ ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡುತ್ತೇವೆ. ಮೂಳೆಗೂ ಅದು ಬೇಕು.

ಇನ್ನು ಭಯದ ಮಾತು. 2002ರಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಅಧ್ಯಯನದ ಒಂದು ಭಾಗವನ್ನು ನಡುವೆಯೇ ನಿಲ್ಲಿಸಿದರು. ಎರಡು ಹಾರ್ಮೋನ್ ಸೇರಿದ ಮಾತ್ರೆ ನುಂಗಿದವರಲ್ಲಿ ಸ್ತನ ಕ್ಯಾನ್ಸರ್ ಸ್ವಲ್ಪ ಹೆಚ್ಚಿತ್ತು: ವರ್ಷಕ್ಕೆ 10,000 ಮಹಿಳೆಯರಲ್ಲಿ ಸುಮಾರು 8 ಹೆಚ್ಚುವರಿ ಪ್ರಕರಣ. ಆ ಮಹಿಳೆಯರ ಸರಾಸರಿ ವಯಸ್ಸು 63. ಗರ್ಭಕೋಶವಿಲ್ಲದೆ ಬರೀ ಈಸ್ಟ್ರೋಜನ್ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಈ ಎರಡನೇ ಸುದ್ದಿ ಯಾರಿಗೂ ತಲುಪಲಿಲ್ಲ ನೋಡಿ. 60 ದಾಟದ, ಮುಟ್ಟು ನಿಂತು 10 ವರ್ಷವಾಗದ, ಬೇರೆ ಕಾಯಿಲೆಯಿಲ್ಲದವರಿಗೆ ಸಾಮಾನ್ಯವಾಗಿ ಲಾಭವೇ ಹೆಚ್ಚು. ಸ್ತನ ಕ್ಯಾನ್ಸರ್, ಸ್ಟ್ರೋಕ್, ಹೃದಯಾಘಾತ ಆಗಿದ್ದರೆ, ಲಿವರ್ ಕಾಯಿಲೆಯಿದ್ದರೆ ಅಥವಾ ಕಾರಣ ತಿಳಿಯದ ರಕ್ತಸ್ರಾವವಿದ್ದರೆ ಮೊದಲೇ ಹೇಳಿ. ಅವರಿಗೆ ಹಾರ್ಮೋನ್ ಅಲ್ಲದ ಮಾತ್ರೆಗಳಿವೆ.

ನುಂಗುವ ಈಸ್ಟ್ರೋಜನ್ ಲಿವರ್ ಮೂಲಕ ಹಾದು ಹೋಗುವುದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಹೆಚ್ಚು. ಚರ್ಮಕ್ಕೆ ಹಚ್ಚುವ ಜೆಲ್‌ನಲ್ಲಿ, ಮಾಮೂಲಿ ಪ್ರಮಾಣದಲ್ಲಿ, ಆ ಅಪಾಯ ಕಂಡಿಲ್ಲ. ತೂಕ ಜಾಸ್ತಿ ಇರುವವರಿಗೆ, ಮೈಗ್ರೇನ್ ಇರುವವರಿಗೆ ನಾನು ಜೆಲ್ಲನ್ನೇ ಬರೆಯುತ್ತೇನೆ. ಎದೆಗೆ ಹಚ್ಚಬೇಡಿ. ಹಚ್ಚಿದ ಮೇಲೆ ಒಣಗಲಿ, ಕೈ ತೊಳೆಯಿರಿ, ಅಲ್ಲಿಯವರೆಗೆ ಮೊಮ್ಮಕ್ಕಳನ್ನು ಎತ್ತಿಕೊಳ್ಳಬೇಡಿ.

ಹೊಟ್ಟೆ ಉಬ್ಬರ, ಸುಮ್ನೆ ಅಳು ಬರುವುದು ಇದ್ದರೆ ಕಾರಣ ಹಲವು ಸಲ ಪ್ರೊಜೆಸ್ಟರಾನ್ ಬಗೆಯದ್ದು. ಮೈಕ್ರೊನೈಸ್ಡ್, ಅಂದರೆ ತೀರಾ ನುಣ್ಣಗೆ ಪುಡಿ ಮಾಡಿದ ಬಗೆಗೆ ಬದಲಿಸಿದರೆ ಕೆಲವರಿಗೆ ಸರಿಹೋಗುತ್ತದೆ. ಅದು ತೂಕಡಿಕೆ ತರುತ್ತದೆ, ಆದ್ದರಿಂದ ಮಲಗುವಾಗ ನುಂಗಬೇಕು. ನಿದ್ದೆಗೆ ಅನುಕೂಲವೇ ಅಲ್ವಾ!

ಮೂರು ತಿಂಗಳು ಸಮಯ ಕೊಡಿ. ಅಷ್ಟರಲ್ಲಿ ಎಷ್ಟು ಸಲ ಬೆವರಿದಿರಿ, ಯಾವಾಗ ರಕ್ತ ಕಂಡಿತು, ಕ್ಯಾಲೆಂಡರಿನಲ್ಲೇ ಗೀಚಿಡಿ. ಪ್ರಮಾಣ ಏರಿಸುವುದೋ ಇಳಿಸುವುದೋ ಅದನ್ನು ನೋಡಿ ಹೇಳಬಹುದು. 45 ದಾಟಿದವರಿಗೆ ಪದೇ ಪದೇ ಹಾರ್ಮೋನ್ ರಕ್ತಪರೀಕ್ಷೆ ದುಡ್ಡು ದಂಡ. ಆರು ತಿಂಗಳ ಮೇಲೂ ರಕ್ತ ಕಂಡರೆ ತಪ್ಪದೆ ಬಂದು ಸ್ಕ್ಯಾನ್ ಮಾಡಿಸಿ. ಇನ್ನೊಂದು ಮಾತು, ಈ ಹಾರ್ಮೋನ್ ಗರ್ಭ ತಡೆಯುವುದಿಲ್ಲ. ಮುಟ್ಟು ಪೂರ್ತಿ ನಿಲ್ಲದವರು ಎಚ್ಚರ.

ಕೆಳಗೆ ಒಣಗಿ ಉರಿ, ಪದೇ ಪದೇ ಮೂತ್ರದ ಸೋಂಕು ಇಷ್ಟೇ ತೊಂದರೆಯಾದರೆ ಮಾತ್ರೆಯೇ ಬೇಡ. ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಸಾಕು. ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಎಪ್ಪತ್ತರ ಅಜ್ಜಿಗೂ ಬರೆದು ಕೊಡುತ್ತೇವೆ.